ಗುಣವಾದ ಅವ್ವ ಆ ಆಸ್ಪತ್ರೆಗೆ ಮತ್ತೆ ಹೋಗಲು ಏಕೆ ಒಲ್ಲೆ ಎನ್ನುತ್ತಾಳೆ?

ಆಳಂದದ ಮಾಸ್ತರ

ಎಲ್ಲರಿಗೂ ಶರಣು. ಬಹಳ ದಿನಗಳಿಂದ ಮನಸ್ಸಿನಲ್ಲಿ ಕುಳಿತಿರುವ ಒಂದು ಮಾತನ್ನು ಇಲ್ಲಿ ಇಡುತ್ತಿದ್ದೇನೆ. ಈ ಗುಂಪಿನಲ್ಲಿ ದವಾಖಾನೆಯ ಒಳಗೆ ದುಡಿಯುವವರೂ ಇದ್ದಾರೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ.

ಎರಡು ವರ್ಷದ ಹಿಂದೆ, ತೊಗರಿ ರಾಶಿಯ ಹೊತ್ತಿಗೆ, ಅಪ್ಪನಿಗೆ ಲಕ್ವಾ ಹೊಡೆಯಿತು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಹನ್ನೆರಡನೆಯ ದಿನ ನಸುಕಿನಲ್ಲಿ ತೀರಿಕೊಂಡರು. ಹಳೆಯ ಕಟ್ಟಡ, ಕಿಟಕಿಗೆ ಪರದೆ ಇರಲಿಲ್ಲ, ನಾನು ಹಾಸಿಗೆಯ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದೆ. ಅಲ್ಲಿ ರಾತ್ರಿ ಪಾಳಿಗೆ ಒಬ್ಬ ಸಿಸ್ಟರ್ ಬರುತ್ತಿದ್ದರು. ಅಪ್ಪನಿಗೆ ಮಾತು ನಿಂತಿತ್ತು, ಕೇಳಿಸುತ್ತದೆಯೋ ಇಲ್ಲವೋ ಎಂಬುದೂ ನಮಗೆ ತಿಳಿಯುತ್ತಿರಲಿಲ್ಲ. ಆದರೂ ಆಕೆ ಹತ್ತಿರ ಬಂದಾಗಲೆಲ್ಲ "ಮುತ್ಯಾ, ಈಗ ನಿಮ್ಮನ್ನು ಎಡಮಗ್ಗುಲಿಗೆ ಹೊರಳಿಸುತ್ತೇನೆ" ಎಂದು ಹೇಳಿಯೇ ಮೈ ಮುಟ್ಟುತ್ತಿದ್ದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಅವ್ವನಿಗೆ ವಿವರಿಸಿದರು, ಹೊರಳಿಸುವುದನ್ನು ಕೈ ಹಿಡಿದು ಕಲಿಸಿದರು. ಅಪ್ಪನ ಉಸಿರು ನಿಂತ ಮೇಲೆ ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, "ಮೈಮೇಲೆ ಒಂದು ಹುಣ್ಣೂ ಆಗದಂತೆ ನೋಡಿಕೊಂಡಿರಿ ಅವ್ವಾ" ಎಂದರು. ಅವ್ವ ಈ ಮಾತನ್ನು ಇಂದಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ.

ಕಳೆದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆಯ ಎಲುಬು ಮುರಿದುಕೊಂಡಳು. ಈ ಸಲ ಬೇರೆ ಆಸ್ಪತ್ರೆ. ಹೊಸ ಕಟ್ಟಡ, ತಂಪು ಕೋಣೆ, ಹೆಸರುವಾಸಿ ವೈದ್ಯರು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು, ಈಗ ಕೋಲು ಹಿಡಿದು ಗುಡಿಯವರೆಗೆ ನಡೆಯುತ್ತಾಳೆ. ಆದರೆ ಮರುತಪಾಸಣೆಗೆ ಆ ಆಸ್ಪತ್ರೆಗೆ ಮಾತ್ರ ಬರುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಏಕೆ ಎಂದು ಕೇಳಿದರೆ, "ಅಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಕಾಲು ಮಾತ್ರ ನೋಡಿದರು" ಎನ್ನುತ್ತಾಳೆ. ಬೆಡ್‌ಪ್ಯಾನ್ ಕೇಳಿ ಮುಕ್ಕಾಲು ತಾಸು ಕಾದಿದ್ದು, ಪರದೆ ಎಳೆಯದೆ ಸೀರೆ ಸರಿಸಿದ್ದು, ಸಲೈನ್ ಹಾಕಿದ ಕೈ ಊದಿದೆ ಎಂದು ಮೂರು ಸಲ ಹೇಳಿದರೂ "ಆಯಿತು ಆಯಿತು" ಎಂದು ಹೋದದ್ದು, ಎಲ್ಲವೂ ಅವಳಿಗೆ ನೆನಪಿದೆ.

ಜೀವ ಉಳಿಸಲಾಗದ ಆಸ್ಪತ್ರೆಯನ್ನು ಹರಸುತ್ತಾಳೆ, ಕಾಲು ಕೊಟ್ಟ ಆಸ್ಪತ್ರೆಯ ಮೆಟ್ಟಿಲು ಹತ್ತಲು ಒಲ್ಲೆ ಎನ್ನುತ್ತಾಳೆ. ರೋಗಿಯ ತೃಪ್ತಿ ಎಂಬುದು ಅಷ್ಟರ ಮಟ್ಟಿಗೆ ಶುಶ್ರೂಷಕಿಯ ನಡವಳಿಕೆಯ ಮೇಲೆ ನಿಂತಿದೆಯೇ? ಅಥವಾ ಇದು ನಮ್ಮ ಅವ್ವನೊಬ್ಬಳ ಸ್ವಭಾವವೇ?

ಭಾಲ್ಕಿಯ ರೈತ

ಮಾಸ್ತರೇ, ತಾಯಿಯವರ ಮಾತು ಓದಿ ಸಂಕಟವಾಯಿತು. ಆದರೂ ನನ್ನ ಅನುಭವ ಬೇರೆ ಇದೆ, ಹೇಳಿಬಿಡುತ್ತೇನೆ. ನನ್ನ ತಮ್ಮನಿಗೆ ಹಾವು ಕಚ್ಚಿದಾಗ ಅವನನ್ನು ನೋಡಿಕೊಂಡ ಸಿಸ್ಟರ್ ನಗುಮೊಗದವರಲ್ಲ. ನಮಗೆಲ್ಲ ಗದರಿದರು, ನಮ್ಮ ಕಾಕಾನನ್ನು ವಾರ್ಡಿನಿಂದ ಹೊರಗೆ ಕಳುಹಿಸಿದರು. ಆದರೆ ನಡುರಾತ್ರಿ ತಮ್ಮನ ಕಣ್ಣುರೆಪ್ಪೆ ಜೋಲುತ್ತಿರುವುದನ್ನು ಮೊದಲು ಗಮನಿಸಿದವರು ಅವರೇ. ನಾವು ನಿದ್ದೆ ಎಂದುಕೊಂಡಿದ್ದೆವು. ಅವರು ಓಡಿಹೋಗಿ ವೈದ್ಯರನ್ನು ಎಬ್ಬಿಸಿಕೊಂಡು ಬಂದರು. ಇವತ್ತು ತಮ್ಮ ಹೊಲದಲ್ಲಿ ದುಡಿಯುತ್ತಿದ್ದಾನೆ. ಸವಿಮಾತಾಡಿ ಆ ಕಣ್ಣುರೆಪ್ಪೆಯನ್ನು ನೋಡದೆ ಹೋಗುವ ಸಿಸ್ಟರ್ ನನಗೆ ಬೇಡ. ಕೈ ಚೆನ್ನಾಗಿದ್ದರೆ ಸಾಕು, ಮಾತು ಆಮೇಲೆ.

ಶುಶ್ರೂಷಾ ಬೋಧಕಿ, ಬೀದರ್

ನೀವಿಬ್ಬರೂ ಒಂದೇ ವಿಷಯವನ್ನು ಎರಡು ಬಾಗಿಲಿನಿಂದ ಹೇಳಿದ್ದೀರಿ. ಇದರ ಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಧ್ಯಯನ ನಡೆದಿದೆ, ನಾನು ಪಾಠ ಹೇಳುವ ವಿಷಯವೂ ಇದೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

1979ರಲ್ಲಿ ಅಮೆರಿಕದ ಜೀನ್ ವಾಟ್ಸನ್ ಶುಶ್ರೂಷೆಯ ತಿರುಳು ಆರೈಕೆಯೇ ಎಂದು ವಾದಿಸಿ, ಆರೈಕೆಗೆ ಹತ್ತು ಅಂಶಗಳನ್ನು ಹೆಸರಿಸಿದರು. ಆಮೇಲೆ ಪ್ರಶ್ನೆ ಹುಟ್ಟಿತು: ಆರೈಕೆ ಎಂದರೆ ಯಾವ ಯಾವ ನಡವಳಿಕೆ? ಅದನ್ನು ಯಾರು ತೀರ್ಮಾನಿಸಬೇಕು? 1980ರ ದಶಕದಲ್ಲಿ ಪೆಟ್ರೀಷಿಯಾ ಲಾರ್ಸನ್ ಐವತ್ತು ನಡವಳಿಕೆಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಕ್ಯಾನ್ಸರ್ ರೋಗಿಗಳಿಗೂ ಶುಶ್ರೂಷಕಿಯರಿಗೂ ಕೊಟ್ಟು, ಮುಖ್ಯವಾದವನ್ನು ಮೇಲೆ ಇಡಿ ಎಂದರು. ಶುಶ್ರೂಷಕಿಯರು ಮೇಲಿಟ್ಟದ್ದು ಕಿವಿಗೊಟ್ಟು ಕೇಳುವುದನ್ನು, ಸಾಂತ್ವನಕ್ಕಾಗಿ ಮುಟ್ಟುವುದನ್ನು. ರೋಗಿಗಳು ಮೇಲಿಟ್ಟದ್ದು ಇಂಜೆಕ್ಷನ್ ಕೊಡಲು, ಸಲೈನ್ ಹಾಕಲು, ಉಪಕರಣ ನಡೆಸಲು ಸರಿಯಾಗಿ ಬರುವುದನ್ನು, ವೈದ್ಯರನ್ನು ಯಾವಾಗ ಕರೆಯಬೇಕೆಂದು ತಿಳಿದಿರುವುದನ್ನು. ಭಾಲ್ಕಿಯವರೇ, ನಿಮ್ಮ ತಮ್ಮನ ಕಣ್ಣುರೆಪ್ಪೆಯ ಕಥೆ ಅಕ್ಷರಶಃ ಅದೇ. ಹಾಸಿಗೆ ಹಿಡಿದವನಿಗೆ ಬಲ್ಲ ಕೈಯೇ ಮೊದಲ ಆರೈಕೆ.

ಆದರೆ ಮಾಸ್ತರರ ತಾಯಿಯವರ ದೂರಿನಲ್ಲಿ ಎಲ್ಲರೂ ದಾಟಿಹೋಗಬಹುದಾದ ಒಂದು ಸಂಗತಿ ಇದೆ: ಊದಿದ ಕೈ. ಕ್ಯಾನುಲಾ, ಅಂದರೆ ಸಲೈನ್ ಹೋಗಲು ರಕ್ತನಾಳದಲ್ಲಿ ಇಡುವ ಕೊಳವೆ, ಹಾಕಿದ ಜಾಗ ಊದಿದ್ದರೆ, ಕೆಂಪಾಗಿದ್ದರೆ ಅದನ್ನು ನೋಡಿ, ಬೇಕಾದರೆ ತೆಗೆದು ಬೇರೆ ಕಡೆ ಹಾಕಬೇಕು. ಅದು ರಕ್ತನಾಳದ ಉರಿಯೂತವಾಗಿರಬಹುದು, ಔಷಧ ನಾಳದ ಹೊರಗೆ ಸೋರುತ್ತಿರಬಹುದು. ಆ ತಾಯಿ ಮೂರು ಸಲ ಹೇಳಿದ್ದು ಗೊಣಗಾಟವಲ್ಲ, ಚಿಕಿತ್ಸೆಗೆ ಬೇಕಾದ ಮಾಹಿತಿ. ಅದನ್ನು ಕೇಳಿಸಿಕೊಳ್ಳದಿರುವುದು ಮರ್ಯಾದೆಯ ಕೊರತೆಯಷ್ಟೇ ಅಲ್ಲ, ಕೌಶಲದ ಕೊರತೆಯೂ ಹೌದು. ಈ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುವುದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಬಿಡಿಸುತ್ತಲೇ ಇರುತ್ತೇನೆ.

ಝೇನ್ ರಾಬಿನ್ಸನ್ ವುಲ್ಫ್ ರೂಪಿಸಿದ ಇನ್ನೊಂದು ಅಳತೆಪಟ್ಟಿ ಇದೆ. 2006ರಲ್ಲಿ ಅದನ್ನು 24 ಪ್ರಶ್ನೆಗಳಿಗೆ ಇಳಿಸಲಾಯಿತು. ಅದರಲ್ಲಿ ನಾಲ್ಕು ಎಳೆಗಳಿವೆ: ಭರವಸೆ, ಅರಿವು ಮತ್ತು ಕೌಶಲ, ಗೌರವ, ಹತ್ತಿರದ ಭಾವ. ಹಲವು ದೇಶಗಳಲ್ಲಿ ಈ ಬಗೆಯ ಪಟ್ಟಿಗಳನ್ನು ರೋಗಿಗಳ ತೃಪ್ತಿಯ ಪಟ್ಟಿಗಳ ಜೊತೆ ಇಟ್ಟು ನೋಡಿದ್ದಾರೆ. ಆರೈಕೆಯ ನಡವಳಿಕೆ ಹೆಚ್ಚು ಕಂಡ ಕಡೆ ತೃಪ್ತಿಯೂ ಹೆಚ್ಚಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಹಾಗಾಗಿ ಮಾಸ್ತರೇ, ಇದು ನಿಮ್ಮ ತಾಯಿಯೊಬ್ಬರ ಸ್ವಭಾವ ಖಂಡಿತ ಅಲ್ಲ.

ಒಂದು ಎಚ್ಚರಿಕೆ ಮಾತ್ರ. ಇವುಗಳಲ್ಲಿ ಹೆಚ್ಚಿನವು ಒಂದೇ ದಿನ ಒಬ್ಬನೇ ರೋಗಿಯಿಂದ ಎರಡೂ ಹಾಳೆಗಳನ್ನು ತುಂಬಿಸಿದ ಅಧ್ಯಯನಗಳು. ಮನಸ್ಸು ಸಮಾಧಾನವಾಗಿರುವವನು ಎರಡರಲ್ಲೂ ಒಳ್ಳೆಯದನ್ನೇ ಬರೆಯುತ್ತಾನೆ. ಎರಡೂ ಜೊತೆಗಿವೆ ಎಂದು ಹೇಳಬಹುದು, ಯಾವುದು ಯಾವುದಕ್ಕೆ ಕಾರಣ ಎಂದು ಅಷ್ಟರಿಂದಲೇ ಹೇಳಲಾಗದು.

ರಾತ್ರಿ ಪಾಳಿ (ಯಾದಗಿರಿ ಜಿಲ್ಲೆ)

ಹದಿನಾಲ್ಕು ವರ್ಷದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಈ ಚರ್ಚೆಯನ್ನು ನಿನ್ನೆ ಪಾಳಿ ಮುಗಿಸಿ ಬಸ್ಸಿನಲ್ಲಿ ಓದಿದೆ, ಮನೆಗೆ ಬಂದರೂ ನಿದ್ದೆ ಬರಲಿಲ್ಲ.

ಮಾಸ್ತರೇ, "ಮುಖ ನೋಡಲಿಲ್ಲ" ಎಂದು ನಿಮ್ಮ ತಾಯಿ ಹೇಳಿದ್ದಾರಲ್ಲ, ನಾನೂ ಮುಖ ನೋಡದೆ ಹೋದ ರೋಗಿಗಳಿದ್ದಾರೆ. ಅದನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕು. ನನ್ನ ಪಾಳಿ ರಾತ್ರಿ 8ರಿಂದ ಬೆಳಿಗ್ಗೆ 8. ಮಳೆಗಾಲದಲ್ಲಿ ಜ್ವರದ ರೋಗಿಗಳು ಬರತೊಡಗಿದರೆ ವಾರ್ಡಿನಲ್ಲಿ ನಲವತ್ತು ಜನ, ಅವರಲ್ಲಿ ಕೆಲವರು ನೆಲದ ಮೇಲೆ. ನಾನು ಒಬ್ಬಳು. ರಾತ್ರಿ 10ರ ಇಂಜೆಕ್ಷನ್ ಸುತ್ತು ಮುಗಿಯುವಷ್ಟರಲ್ಲಿ ಹನ್ನೆರಡಾಗಿರುತ್ತದೆ. ಅದರ ನಡುವೆ ಹೊಸ ದಾಖಲಾತಿ, ರಕ್ತದ ಮಾದರಿ, ಕೇಸ್ ಶೀಟ್, ಔಷಧ ತರಿಸುವ ಬೇಡಿಕೆ ಪಟ್ಟಿ, ನೀರು ಎಷ್ಟು ಕುಡಿದರು ಮೂತ್ರ ಎಷ್ಟು ಹೋಯಿತು ಎಂಬ ಲೆಕ್ಕದ ಹಾಳೆ. ನಸುಕಿನ 6ರ ಡೋಸಿಗೆ ಐದಕ್ಕೇ ಶುರು ಮಾಡಬೇಕು. ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಯಾರಾದರೂ ಕೇಳುವುದು ರಿಜಿಸ್ಟರ್ ತುಂಬಿದೆಯೇ ಎಂದು. ರಾತ್ರಿ ಅಳುತ್ತಿದ್ದ ಆ ಅಜ್ಜಿಯ ಹತ್ತಿರ ಐದು ನಿಮಿಷ ಕುಳಿತೆಯಾ ಎಂದು ಹದಿನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಬರೆಯದ ಹಾಳೆಗೆ ನೋಟಿಸ್ ಬರುತ್ತದೆ. ಹಿಡಿಯದ ಕೈಗೆ ಯಾವ ನೋಟಿಸೂ ಇಲ್ಲ. ಹೀಗಿರುವಾಗ ದಣಿದ ಮನುಷ್ಯ ಯಾವುದನ್ನು ಮೊದಲು ಬಿಡುತ್ತಾನೆ ಎಂದು ಹೇಳಬೇಕೇ?

ಆದರೂ ಇಷ್ಟು ವರ್ಷದಲ್ಲಿ ಒಂದನ್ನು ಕಲಿತಿದ್ದೇನೆ. ಯಾರಾದರೂ ಕರೆದರೆ "ಬಂದೆ" ಎನ್ನುವುದನ್ನು ಬಿಟ್ಟಿದ್ದೇನೆ. "ಆ ಮೂಲೆಯ ಕೂಸಿಗೆ ಸಲೈನ್ ಹಾಕಿ, ಕೈ ತೊಳೆದು ಬರುತ್ತೇನೆ, ಕಾಲು ತಾಸು ಆಗುತ್ತದೆ" ಎನ್ನುತ್ತೇನೆ. ಹೇಳಿದ ಹೊತ್ತಿಗೆ ಹೋಗುತ್ತೇನೆ. ಹೋಗಲಾಗದಿದ್ದರೆ ದೂರದಿಂದಲೇ ಕೈ ಎತ್ತಿ ಇನ್ನೂ ಹತ್ತು ನಿಮಿಷ ಎನ್ನುತ್ತೇನೆ. ಇದಕ್ಕೆ ಹೆಚ್ಚಿನ ಸಮಯ ಬೇಕಿಲ್ಲ. ಕಾಲು ತಾಸು ಕಾಯುವುದು ಯಾರಿಗೂ ಕಷ್ಟವಲ್ಲ, ಎಷ್ಟು ಹೊತ್ತು ಎಂದು ತಿಳಿಯದೆ ಕಾಯುವುದೇ ಕಷ್ಟ.

ಶುಶ್ರೂಷಾ ಬೋಧಕಿ, ಬೀದರ್

ರಾತ್ರಿ ಪಾಳಿಯ ಅಕ್ಕನವರೇ, ನೀವು ಬರೆದದ್ದನ್ನು ನಾಳೆ ತರಗತಿಯಲ್ಲಿ ಓದಿ ಹೇಳಲು ಅನುಮತಿ ಕೊಡಿ.

ನಿಮ್ಮ ಮಾತಿಗೆ ಒಂದು ದೊಡ್ಡ ಪುರಾವೆ ಇದೆ. 2002ರಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಲೆಕ್ಕ ಪ್ರಕಟಿಸಿದರು. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತಿತ್ತು. ಶುಶ್ರೂಷಕಿಯ ಬಳಲಿಕೆಯೂ ಅದರ ಜೊತೆಗೇ ಏರುತ್ತಿತ್ತು. ಅಲ್ಲಿ ಮಾತು ನಾಲ್ಕು ರೋಗಿಯೋ ಎಂಟು ರೋಗಿಯೋ ಎಂಬುದರ ಬಗ್ಗೆ. ನಲವತ್ತರ ಬಗ್ಗೆ ಅಲ್ಲ.

ತಾಂಡಾದ ಹುಡುಗ, ಚಿಂಚೋಳಿ

ನಾನು ಭಾಷೆಯ ಬಗ್ಗೆ ಹೇಳಬೇಕು. ನಮ್ಮ ಅವ್ವನಿಗೆ ಲಂಬಾಣಿ ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬರುವುದಿಲ್ಲ. ಅವಳು ಆಸ್ಪತ್ರೆಗೆ ಸೇರಿದಾಗ ನಾನು ಪುಣೆಯಲ್ಲಿ ಕಟ್ಟಡ ಕೆಲಸದಲ್ಲಿದ್ದೆ. ಬಂದು ತಲುಪುವಷ್ಟರಲ್ಲಿ ಎರಡು ದಿನ. ಆ ಎರಡು ದಿನ ಅವಳಿಗೆ ಏನು ಮಾಡುತ್ತಿದ್ದಾರೆ ಎಂದು ಯಾರೂ ಹೇಳಿರಲಿಲ್ಲ. ರಕ್ತ ತೆಗೆದುಕೊಂಡು ಹೋದಾಗ ಅದನ್ನು ಮಾರುತ್ತಾರೆ ಎಂದು ಹೆದರಿಕೊಂಡು ಊಟ ಬಿಟ್ಟಿದ್ದಳು.

ಮೂರನೆಯ ದಿನ ಒಬ್ಬ ಸಿಸ್ಟರ್ ಅವಳನ್ನು "ಯಾಡಿ", ಅಂದರೆ ಅವ್ವ, ಎಂದು ಕರೆದರು. ಅವರಿಗೆ ನಮ್ಮ ಭಾಷೆಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು ಎಂದು ಆಮೇಲೆ ತಿಳಿಯಿತು. ಆದರೆ ಅವ್ವ ಆ ದಿನ ಊಟ ಮಾಡಿದಳು.

ದಕ್ಷಿಣದಿಂದ ಬಂದವಳು, ಬೀದರ್ ಜಿಲ್ಲೆ

ಮೇಲಿನ ಮಾತು ನನ್ನನ್ನೇ ಮುಟ್ಟಿತು. ನಾನು ಮೈಸೂರು ಕಡೆಯವಳು. ಕನ್ನಡ ನನ್ನ ತಾಯ್ನುಡಿ, ಆದ್ದರಿಂದ ತೊಂದರೆ ಇಲ್ಲ ಎಂದುಕೊಂಡು ಇಲ್ಲಿಗೆ ಕೆಲಸಕ್ಕೆ ಬಂದೆ. ಮೊದಲ ವಾರ ಒಬ್ಬರು "ಹೊಟ್ಟೆ ಜಾಡಿಸುತ್ತಿದೆ" ಎಂದರು. ಹೊಟ್ಟೆನೋವು ಎಂದು ಬರೆದುಕೊಂಡೆ. ಅವರಿಗೆ ಭೇದಿ ಆಗುತ್ತಿತ್ತು. ಇನ್ನೊಬ್ಬರು "ಚಕ್ಕರ್ ಬರುತ್ತಿದೆ, ಜೀವ ಗಾಬರಿಯಾಗುತ್ತಿದೆ" ಎಂದಾಗ ಹೆದರಿದ್ದಾರೆ ಎಂದುಕೊಂಡು ಸಮಾಧಾನ ಹೇಳಿದೆ. ಹಿರಿಯ ಸಹೋದ್ಯೋಗಿ ಬಂದು ರಕ್ತದೊತ್ತಡ ನೋಡಿದರೆ ಬಹಳ ಇಳಿದಿತ್ತು. ಆ ದಿನದ ನಡುಕ ಇನ್ನೂ ಇದೆ. ನಾನು ಒರಟಾಗಿ ನಡೆದುಕೊಂಡಿರಲಿಲ್ಲ, ಮೃದುವಾಗಿಯೇ ಮಾತಾಡಿದ್ದೆ. ಆದರೆ ಅವರು ಹೇಳಿದ್ದು ನನಗೆ ತಲುಪಿರಲಿಲ್ಲ.

ಅಂದಿನಿಂದ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಈ ಕಡೆಯ ಕನ್ನಡ, ದಖನಿ, ಮರಾಠಿ, ತೆಲುಗು, ಎಲ್ಲದರಲ್ಲೂ ನೋವು, ಉಸಿರು, ವಾಂತಿ, ಮೂತ್ರ, ಹಸಿವು ಇವುಗಳಿಗೆ ಜನ ಏನೆನ್ನುತ್ತಾರೆ ಎಂದು ಬರೆದುಕೊಳ್ಳುತ್ತೇನೆ. ಔರಾದ ಕಡೆಯ ರೋಗಿಗಳೇ ನನಗೆ ಮರಾಠಿ ಕಲಿಸಿದರು. ನರ್ಸಿಂಗ್ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಹಾಸಿಗೆಯ ಪಕ್ಕದ ಮಾತನ್ನು ಕಲಿಸುವ ಪುಸ್ತಕ ನನಗೆ ಎಲ್ಲೂ ಸಿಗಲಿಲ್ಲ.

ಗುಣಮಟ್ಟ ವಿಭಾಗ

ಖಾಸಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಅಭಿಪ್ರಾಯ ಸಂಗ್ರಹಿಸುವ ಕೆಲಸ ನನ್ನದು. ಮಾಸ್ತರರ ತಾಯಿಯಂಥವರು ನಮ್ಮ ಲೆಕ್ಕದಲ್ಲಿ ಹೇಗೆ ಕಾಣುತ್ತಾರೆ ಗೊತ್ತೇ? "ಅತ್ಯುತ್ತಮ" ಎಂದು. ಅವರ ಹಾಳೆಯನ್ನು ಬಿಲ್ ಕಟ್ಟುವ ಕಿಟಕಿಯ ಮುಂದೆ ನಿಂತ ಮಗನೋ ಅಳಿಯನೋ ತುಂಬಿರುತ್ತಾನೆ. ಮಾಸ್ತರೇ, ಬಹುಶಃ ನೀವೇ ತುಂಬಿರಬಹುದು.

ಮೂರು ಕಾರಣಗಳಿಂದ ನಮ್ಮ ಕಡೆ ಅಂಕಗಳು ಎತ್ತರವಾಗಿಯೇ ಇರುತ್ತವೆ ಎಂದು ನನ್ನ ಅನಿಸಿಕೆ. ಮತ್ತೆ ಇವರ ಕೈಗೇ ಬೀಳಬೇಕಾದೀತು ಎಂಬ ಭಯ. ಬದುಕಿ ಮನೆಗೆ ಹೊರಟೆನಲ್ಲ ಎಂಬ ಕೃತಜ್ಞತೆ. ಎಲ್ಲಕ್ಕಿಂತ ಮುಖ್ಯವಾಗಿ, ದವಾಖಾನೆಯಿಂದ ಜನ ನಿರೀಕ್ಷಿಸುವುದೇ ಕಡಿಮೆ. ಬೈಸಿಕೊಳ್ಳದೆ ಬಂದರೆ ಅದೇ ಒಳ್ಳೆಯ ಆಸ್ಪತ್ರೆ.

ಅಮೆರಿಕದ ಆಸ್ಪತ್ರೆಗಳ ರಾಷ್ಟ್ರೀಯ ಸಮೀಕ್ಷೆಯಲ್ಲಿ ರೋಗಿಯನ್ನು ಕೇಳುವುದು ಮನೆಗೆ ಹೋದ 48 ಗಂಟೆಗಳ ನಂತರ, ಆರು ವಾರದೊಳಗೆ. ಶುಶ್ರೂಷಕಿಯರ ಬಗ್ಗೆ "ತೃಪ್ತಿ ಇದೆಯೇ" ಎಂದು ಕೇಳುವುದಿಲ್ಲ. ಅವರು ನಿಮ್ಮನ್ನು ಎಷ್ಟು ಸಲ ಸೌಜನ್ಯ, ಗೌರವದಿಂದ ಕಂಡರು, ಎಷ್ಟು ಸಲ ಗಮನವಿಟ್ಟು ಕೇಳಿದರು, ಎಷ್ಟು ಸಲ ಅರ್ಥವಾಗುವಂತೆ ವಿವರಿಸಿದರು ಎಂದು ಕೇಳುತ್ತಾರೆ. ಉತ್ತರ: ಎಂದೂ ಇಲ್ಲ, ಕೆಲವೊಮ್ಮೆ, ಸಾಮಾನ್ಯವಾಗಿ, ಯಾವಾಗಲೂ. ನಮ್ಮಲ್ಲೂ ಕೇಂದ್ರ ಸರ್ಕಾರ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆ ತಂದಿತು. ಮೊಬೈಲ್ ಸಂದೇಶ, ದೂರವಾಣಿ ಕರೆ, ಆ್ಯಪ್ ಮತ್ತು ಜಾಲತಾಣದ ಮೂಲಕ ರೋಗಿ ಹೇಳಬಹುದು. ಆದರೆ ದಾಖಲಾತಿಯಲ್ಲಿ ಬರೆಯುವ ಮೊಬೈಲ್ ಸಂಖ್ಯೆ ಎಷ್ಟೋ ಸಲ ರೋಗಿಯದ್ದಲ್ಲ, ಜೊತೆಗೆ ಬಂದವರದ್ದು. ಆ ಸಂದೇಶ ಮುದುಕಿಯ ಕೈಗೆ ತಲುಪುವುದೇ ಇಲ್ಲ.

ನಾನು ಈಗ ನನ್ನ ಮಟ್ಟಿಗೆ ಪ್ರಶ್ನೆಗಳನ್ನು ಬದಲಿಸಿಕೊಂಡಿದ್ದೇನೆ. "ಸೇವೆ ಹೇಗಿತ್ತು" ಎನ್ನದೆ, "ಕರೆದಾಗ ಸಿಸ್ಟರ್ ಬಂದರೇ? ಮಾತ್ರೆ ಕೊಡುವಾಗ ಯಾವುದಕ್ಕೆ ಎಂದು ಹೇಳಿದರೇ? ಬಟ್ಟೆ ಸರಿಸುವ ಮೊದಲು ಪರದೆ ಎಳೆದರೇ?" ಎಂದು ರೋಗಿಯನ್ನೇ ಕೇಳುತ್ತೇನೆ. ಅಂಕ ಇಳಿಯಿತು. ಮೇಲಿನವರಿಗೆ ಮೊದಲು ಕೋಪ ಬಂತು. ನಾನು ಪ್ರಶ್ನೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈಗ ನಾನು ಹೀಗೆ ಕೇಳಿದ ವಾರ್ಡಿನಲ್ಲಿ ಎಲ್ಲ ಹಾಸಿಗೆಗಳಿಗೂ ಪರದೆ ಬಂದಿದೆ.

ಆಳಂದದ ಮಾಸ್ತರ

ಹೌದು. ಆ ಹಾಳೆಯನ್ನು ತುಂಬಿದ್ದು ನಾನೇ. ಎಲ್ಲದಕ್ಕೂ "ಉತ್ತಮ" ಎಂದು ಗುರುತು ಹಾಕಿ ಸಹಿ ಮಾಡಿದೆ. ಅವ್ವ ಆಗ ಗಾಲಿಕುರ್ಚಿಯಲ್ಲಿ ನನ್ನ ಪಕ್ಕದಲ್ಲೇ ಇದ್ದಳು. ಅವಳನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಶಹಾಪುರದಿಂದ ಒಬ್ಬಳು

ಇಲ್ಲಿ ಇಷ್ಟು ಹೊತ್ತು ಯಾರೂ ಹೆರಿಗೆ ವಾರ್ಡಿನ ಮಾತು ಎತ್ತಲಿಲ್ಲ. ನಾನು ಎತ್ತುತ್ತೇನೆ.

ಮೊದಲ ಹೆರಿಗೆಯಲ್ಲಿ ನನಗೆ ಹತ್ತೊಂಬತ್ತು ವರ್ಷ. ಬೇನೆ ತಡೆಯಲಾಗದೆ ಕೂಗಿದ್ದಕ್ಕೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ತೊಡೆಗೆ ಹೊಡೆದರು. ಕೂಸನ್ನು ಮನೆಯವರಿಗೆ ತೋರಿಸಲು ಹಣ ಕೇಳಿದರು, ಗಂಡು ಎಂದು ಹೆಚ್ಚು ಕೇಳಿದರು. ಹೊರಡುವ ದಿನ ಹೇಗಿತ್ತು ಎಂದು ಯಾರೋ ಕೇಳಿದಾಗ ಛಲೋ ಇತ್ತು ಎಂದೆ. ಬೇರೇನು ಹೇಳಬಹುದಿತ್ತು?

ಎರಡನೆಯ ಹೆರಿಗೆ ಬೇರೆ ಕಡೆ. ಅಲ್ಲಿಯ ಸಿಸ್ಟರ್ ನನ್ನ ಅತ್ತೆಯನ್ನು ಒಳಗೆ ನಿಲ್ಲಲು ಬಿಟ್ಟರು. ಬೇನೆ ಬಂದಾಗ ಸೊಂಟ ಒತ್ತುವುದು ಹೇಗೆ ಎಂದು ಅತ್ತೆಗೆ ತೋರಿಸಿಕೊಟ್ಟರು. ನಡೆದಾಡಬಹುದು, ನೀರು ಕುಡಿಯಬಹುದು ಎಂದರು. ಕೂಸನ್ನು ಹುಟ್ಟಿದ ಕೂಡಲೇ ಎದೆಯ ಮೇಲೆ ಮಲಗಿಸಿದರು. ಬೇನೆ ಎರಡು ಸಲವೂ ಅಷ್ಟೇ ಇತ್ತು. ಆದರೆ ಮೊದಲನೆಯದನ್ನು ನೆನೆದರೆ ಈಗಲೂ ಮೈ ಗಟ್ಟಿಯಾಗುತ್ತದೆ. ನನ್ನ ತಂಗಿ ಆ ಮೊದಲಿನ ಆಸ್ಪತ್ರೆಯ ಹೆಸರು ಕೇಳಿದರೆ ಸಾಕು, ಮನೆಯಲ್ಲೇ ಹೆರುತ್ತೇನೆ ಎನ್ನುತ್ತಿದ್ದಳು. ನಾನೇ ಕಾಲಿಗೆ ಬಿದ್ದು ಬೇರೆ ಕಡೆ ಕರೆದುಕೊಂಡು ಹೋದೆ. ಮಾಸ್ತರರ ತಾಯಿಯದು ಮರುತಪಾಸಣೆಯ ಮಾತು, ಇಲ್ಲಿ ಜೀವದ ಮಾತು.

ರಾತ್ರಿ ಪಾಳಿ (ಯಾದಗಿರಿ ಜಿಲ್ಲೆ)

ತಂಗೀ, ನಿನಗೆ ಹಾಗೆ ಮಾಡಿದವರು ನಮ್ಮವರೇ. ಕೆಲಸದ ಒತ್ತಡ ಎಂದು ಇದಕ್ಕೆ ನಾನು ಕಾರಣ ಕೊಡುವುದಿಲ್ಲ. ನಲವತ್ತು ರೋಗಿಗಳಿದ್ದರೆ ಮುಖ ನೋಡದೆ ಹೋಗಬಹುದು, ಕೈ ಎತ್ತುವುದಕ್ಕೆ, ಕೈ ಚಾಚುವುದಕ್ಕೆ ಯಾವ ಲೆಕ್ಕವೂ ಕಾರಣವಾಗದು. ಹೊಸದಾಗಿ ಸೇರಿದಾಗ ನನ್ನ ಕಣ್ಣೆದುರು ಹೀಗೆ ಆದದ್ದನ್ನು ನೋಡಿ ಸುಮ್ಮನಿದ್ದೆ. ಈಗ ಸುಮ್ಮನಿರುವುದಿಲ್ಲ.

2017ರ ಡಿಸೆಂಬರ್‌ನಲ್ಲಿ ಹೆರಿಗೆ ಕೋಣೆಗಳನ್ನು ಸುಧಾರಿಸುವ ಕೇಂದ್ರ ಸರ್ಕಾರದ ‘ಲಕ್ಷ್ಯ’ ಕಾರ್ಯಕ್ರಮ ಬಂದ ಮೇಲೆ ಹೆರಿಗೆ ಕೋಣೆಗಳಲ್ಲಿ ಗೌರವದ ಆರೈಕೆಯೂ ತಪಾಸಣೆಯ ಭಾಗವಾಯಿತು. ಪರದೆ ಇರಬೇಕು, ಗರ್ಭಿಣಿಯ ಜೊತೆ ಒಬ್ಬ ಹೆಣ್ಣುಮಗಳು ಇರಬಹುದು, ಬೈಯುವಂತಿಲ್ಲ, ಹೊಡೆಯುವಂತಿಲ್ಲ. ಗೋಡೆಯ ಮೇಲೆ ಬರೆದದ್ದೆಲ್ಲ ನಡೆಯುತ್ತದೆ ಎನ್ನಲಾರೆ. ಆದರೆ ಜೊತೆಗೆ ಒಬ್ಬರು ನಿಂತಿದ್ದರೆ ನಾಲಿಗೆಗಳು ತಾವಾಗಿಯೇ ತಗ್ಗುತ್ತವೆ, ಇದನ್ನು ಕಂಡಿದ್ದೇನೆ. ಶಹಾಪುರದ ತಂಗಿಯ ಅತ್ತೆ ಒಳಗೆ ಇದ್ದದ್ದು ಸಣ್ಣ ಸಂಗತಿಯಲ್ಲ.

ಐಸಿಯು ಬ್ರದರ್, ಕಲಬುರಗಿ

ಕೋವಿಡ್‌ನಿಂದ ದೇಶದ ಮೊದಲ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯದು ಎಂಬುದು ನಿಮಗೆಲ್ಲ ನೆನಪಿರುತ್ತದೆ. ಆ ದಿನಗಳಲ್ಲಿ ನಮ್ಮ ಬಿಸಿಲಿನಲ್ಲಿ ಆ ಪ್ಲಾಸ್ಟಿಕ್ ನಿಲುವಂಗಿ ತೊಟ್ಟು ಆರು ತಾಸು ನಿಲ್ಲುತ್ತಿದ್ದೆವು. ರೋಗಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ, ಬಂಧುಗಳಿಗೆ ಒಳಗೆ ಪ್ರವೇಶವಿರಲಿಲ್ಲ. ಯಾರು ಬಂದರೂ ಒಂದೇ ಬಿಳಿ ಆಕೃತಿ. ಎದೆಯ ಮೇಲೆ ಮಾರ್ಕರ್ ಪೆನ್ನಿನಿಂದ ಕನ್ನಡದಲ್ಲಿ ಹೆಸರು ಬರೆದುಕೊಳ್ಳತೊಡಗಿದೆ. ಓದು ಬಾರದವರಿಗೆ ದನಿಯಲ್ಲೇ ಪರಿಚಯ ಹೇಳುತ್ತಿದ್ದೆ: "ಚಾಚಾ, ನಾನು, ನಿನ್ನೆ ರಾತ್ರಿ ನಿಮ್ಮ ಮಗಳಿಗೆ ವಿಡಿಯೊ ಕರೆ ಮಾಡಿಕೊಟ್ಟವನು." ಮುಖ ಕಾಣದಿದ್ದರೂ ಮುಖ ನೋಡುವುದು ಸಾಧ್ಯ ಎಂದು ಆಗ ಗೊತ್ತಾಯಿತು.

ಗಂಡು ಶುಶ್ರೂಷಕರಿಗೆ ಇನ್ನೊಂದು ಎಚ್ಚರ ಬೇಕು. ಹೆಣ್ಣುಮಕ್ಕಳಿಗೆ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಬೇಕಾದರೆ, ಸ್ಪಂಜಿನಿಂದ ಮೈ ಒರೆಸಬೇಕಾದರೆ ಮಹಿಳಾ ಸಹೋದ್ಯೋಗಿಯನ್ನು ಕರೆಯುತ್ತೇನೆ. ತುರ್ತಿನಲ್ಲಿ ಯಾರೂ ಇಲ್ಲದಿದ್ದರೆ ಹೇಳಿ, ಒಪ್ಪಿಗೆ ಪಡೆದು, ಮನೆಯ ಹೆಣ್ಣುಮಗಳೊಬ್ಬಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡುತ್ತೇನೆ. ಪ್ರಜ್ಞೆ ಇಲ್ಲದ ರೋಗಿಗೂ ಹೇಳಿಯೇ ಮುಟ್ಟುತ್ತೇನೆ. ಮಾಸ್ತರರ ತಂದೆಗೆ ಆ ಸಿಸ್ಟರ್ ಹೇಳುತ್ತಿದ್ದರಲ್ಲ, ಹಾಗೆಯೇ.

ಭಾಲ್ಕಿಯ ರೈತ

ಎಲ್ಲವನ್ನೂ ಓದಿದೆ. ಕೈ ಮೊದಲು ಎಂಬ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಊದಿದ ಕೈಯ ವಿಷಯದಲ್ಲಿ ಬೋಧಕಿಯವರು ಹೇಳಿದ್ದು ಸರಿ. ಕೇಳುವ ಕಿವಿ ಇಲ್ಲದಿದ್ದರೆ ಬಲ್ಲ ಕೈಗೂ ದಾರಿ ತಿಳಿಯುವುದಿಲ್ಲ. ನನ್ನ ತಮ್ಮನ ಸಿಸ್ಟರ್ ಗದರಿದರೂ, ಪ್ರತಿ ಸಲ ಬಂದಾಗ ಮೊದಲು ಅವನ ಕಣ್ಣನ್ನೇ ನೋಡುತ್ತಿದ್ದರು. ಅದು ಈಗ ನೆನಪಾಗುತ್ತಿದೆ.

ಒಂದು ಮಾತು ಸೇರಿಸುತ್ತೇನೆ. ಒಂದೇ ವಾರ್ಡಿನಲ್ಲಿ ಖಾಯಂ ಸಿಸ್ಟರ್ ಒಬ್ಬರು, ಗುತ್ತಿಗೆಯ ಸಿಸ್ಟರ್ ಒಬ್ಬರು, ಕೆಲಸ ಒಂದೇ, ಸಂಬಳ ಬೇರೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ತಿಳಿಯದವರಿಂದ ನಾವು ಭರವಸೆ ಕೇಳುತ್ತಿದ್ದೇವೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಕಡೆಯ ಹುದ್ದೆಗಳಲ್ಲಿ ನಮ್ಮ ಭಾಗದ ಮಕ್ಕಳಿಗೆ ಮೀಸಲಾತಿ ಇದೆ. ಹೊಟ್ಟೆ ಜಾಡಿಸುವುದು ಎಂದರೆ ಏನೆಂದು ತಿಳಿದ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಖಾಲಿ ಹುದ್ದೆಗಳನ್ನು ತುಂಬಲಿ.

ಶುಶ್ರೂಷಾ ಬೋಧಕಿ, ಬೀದರ್

ಒಪ್ಪಿದೆ. ಹುದ್ದೆ ತುಂಬುವವರೆಗೆ ವಾರ್ಡಿನಲ್ಲಿ ಏನು ಮಾಡಬಹುದು ಎಂದು ಕೆಲವರು ನನಗೆ ಪ್ರತ್ಯೇಕವಾಗಿ ಬರೆದು ಕೇಳಿದ್ದಾರೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಟೆಗೊಮ್ಮೆ ತಾವಾಗಿಯೇ ಸುತ್ತು ಹೋಗಿ ನೋವಿದೆಯೇ, ಶೌಚಕ್ಕೆ ಹೋಗಬೇಕೇ, ಮಗ್ಗುಲು ಬದಲಿಸಬೇಕೇ ಎಂದು ಕೇಳಿದ ವಾರ್ಡುಗಳಲ್ಲಿ ಕರೆಗಂಟೆ ಒತ್ತುವುದು ಕಡಿಮೆಯಾಯಿತು, ರೋಗಿಗಳು ಬೀಳುವುದು ಕಡಿಮೆಯಾಯಿತು, ತೃಪ್ತಿ ಹೆಚ್ಚಿತು. ನಮ್ಮ ಸಾಮಾನ್ಯ ವಾರ್ಡುಗಳಲ್ಲಿ ಕರೆಗಂಟೆಯೇ ಇಲ್ಲ, ರೋಗಿಯ ಜೊತೆಗಿರುವವರೇ ಓಡಿ ಬರುವ ಗಂಟೆ. ಗಂಟೆಗೊಮ್ಮೆ ಆಗದಿದ್ದರೆ ಪಾಳಿಗೆ ಎರಡು ಸಲವಾದರೂ ಸೂಜಿ, ಮಾತ್ರೆ ಯಾವುದೂ ಕೈಯಲ್ಲಿಲ್ಲದೆ ಒಂದು ಸುತ್ತು ಹೋಗಿ ಎಂದು ವಿದ್ಯಾರ್ಥಿನಿಯರಿಗೆ ಹೇಳುತ್ತೇನೆ. ಸ್ಟೂಲ್ ಇದ್ದರೆ ಕುಳಿತು ಮಾತಾಡಿ. ನಿಂತು ಆಡಿದ ಮಾತಿಗಿಂತ ಕುಳಿತು ಆಡಿದ ಮಾತು ರೋಗಿಗೆ ದೀರ್ಘವಾಗಿ ತೋರುತ್ತದೆ, ಗಡಿಯಾರದಲ್ಲಿ ಎರಡೂ ಒಂದೇ ಆಗಿದ್ದರೂ.

ಆಳಂದದ ಮಾಸ್ತರ

ಇಷ್ಟೆಲ್ಲ ಬರೆದ ನಿಮಗೆ ಹೇಗೆ ಕೃತಜ್ಞತೆ ಹೇಳಲಿ. ನಿನ್ನೆ ಸಂಜೆ ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಶಹಾಪುರದ ಹೆಣ್ಣುಮಗಳ ಮಾತು ಬಂದಾಗ ಕಣ್ಣೊರೆಸಿಕೊಂಡಳು. ತಾಂಡಾದ ತಾಯಿ ಈಗ ಹೇಗಿದ್ದಾಳೆ ಎಂದು ಕೇಳಿದಳು. ಕಾಲಿಗೆ ಹಾಕಿದ ರಾಡ್ ಸರಿಯಾಗಿ ಕುಳಿತಿದೆಯೇ ಎಂದು ನೋಡಲು ಎಕ್ಸ್‌ರೇ ಬೇಕೇ ಬೇಕು ಎಂದು ವೈದ್ಯರು ಹೇಳಿದ್ದಾರೆ. ಅವಳನ್ನು ಹೇಗೆ ಕರೆದುಕೊಂಡು ಹೋಗಲಿ?

ರಾತ್ರಿ ಪಾಳಿ (ಯಾದಗಿರಿ ಜಿಲ್ಲೆ)

ಅಲ್ಲಿಗೇ ಹೋಗಬೇಕೆಂದಿಲ್ಲ ಮಾಸ್ತರೇ. ಬಿಡುಗಡೆ ಪತ್ರ, ಹಳೆಯ ಎಕ್ಸ್‌ರೇ ತೆಗೆದುಕೊಂಡು ಬೇರೆ ಎಲುಬು ತಜ್ಞರಿಗೂ ತೋರಿಸಬಹುದು. ಅಲ್ಲಿಗೇ ಹೋಗುವುದಾದರೆ ಸೋಮವಾರದ ದಟ್ಟಣೆ ಬಿಟ್ಟು ಬೇರೆ ದಿನ ಹೋಗಿ. ತಪಾಸಣೆ ಮುಗಿದ ಮೇಲೆ ಶುಶ್ರೂಷಾ ಅಧೀಕ್ಷಕರನ್ನು ಕಾಣಿರಿ. "ಆರೈಕೆ ಸರಿಯಿರಲಿಲ್ಲ" ಎನ್ನಬೇಡಿ, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ದಾಖಲಾದ ದಿನಾಂಕ, ವಾರ್ಡು ತಿಳಿಸಿ, ಬೆಡ್‌ಪ್ಯಾನ್, ಪರದೆ, ಊದಿದ ಕೈ, ಈ ಮೂರನ್ನೇ ಹೇಳಿ. ಹೇಳುವುದು ತಾಯಿಯವರೇ ಆಗಲಿ. ನೀವು ಪಕ್ಕದಲ್ಲಿ ಸುಮ್ಮನಿರಿ.

ಆಳಂದದ ಮಾಸ್ತರ

ಅವ್ವ ಒಪ್ಪಿದ್ದಾಳೆ. ಗುರುವಾರ ಹೋಗುತ್ತೇವೆ. ಆದರೆ ಅಲ್ಲಿಂದ ಅಪ್ಪ ಇದ್ದ ಆಸ್ಪತ್ರೆಗೂ ಹೋಗಬೇಕಂತೆ. ಆ ಸಿಸ್ಟರ್ ಈಗಲೂ ಅಲ್ಲೇ ಇದ್ದಾರೆಯೇ ಗೊತ್ತಿಲ್ಲ, ಅವರ ಹೆಸರನ್ನೂ ನಾವು ಕೇಳಿಕೊಂಡಿರಲಿಲ್ಲ. ಶೇಂಗಾ ಹೋಳಿಗೆ ಮಾಡಲು ಬೆಲ್ಲ ತರಿಸಿದ್ದಾಳೆ. ರಾತ್ರಿ ಪಾಳಿಯವರನ್ನು ಕಾಣಲು ಎಷ್ಟು ಹೊತ್ತಿಗೆ ಹೋಗಬೇಕು ಅಕ್ಕನವರೇ?

ರಾತ್ರಿ ಪಾಳಿ (ಯಾದಗಿರಿ ಜಿಲ್ಲೆ)

ಎಂಟಕ್ಕೆ ಪಾಳಿ ಬದಲಾಗುತ್ತದೆ. ಹಾಸಿಗೆಯಿಂದ ಹಾಸಿಗೆಗೆ ಹೋಗಿ ಒಬ್ಬರು ಇನ್ನೊಬ್ಬರಿಗೆ ರೋಗಿಗಳನ್ನು ಒಪ್ಪಿಸುವ ಹೊತ್ತು ಅದು, ಆಗ ಮಾತಾಡಿಸಬೇಡಿ. ಎಂಟೂವರೆಗೆ ಹೋಗಿ. ಒಂಬತ್ತಕ್ಕೆ ಔಷಧದ ಸುತ್ತು ಶುರುವಾಗುವ ಮೊದಲು ಸಿಗುತ್ತಾರೆ.